ಇದರಲ್ಲಿ ಒರಿಜಿನಲ್ ಯಾವುದು ಮ್ಯಾಮ್?

ನಾನು ಬೆಂಗಳೂರಿನ ಒಂದು ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಾರ್ಚ್ ಬಂತು ಅಂದರೆ ಸೀನಿಯರ್ ಮಕ್ಕಳನ್ನು ಕಟ್ಟಿಕೊಂಡು ಗ್ರೀಸಿಗೆ ಹೋಗುವ ಕೆಲಸ ನನ್ನ ತಲೆಗೆ ಬರುತ್ತದೆ. ಹಾಳು ಬಿದ್ದ ಗುಡಿ, ಬಯಲು ರಂಗಮಂದಿರ, ಕೋಟೆಗಳ ನಡುವೆ ಓಡಾಡಿ, ಕಣ್ಣಳತೆಯಲ್ಲೇ ಸ್ಕೆಚ್ ಮಾಡಿಕೊಂಡು ಬರುತ್ತೇವೆ. ಟೇಪ್ ಹಿಡಿದರೆ ಅಲ್ಲಿನ ಕಾವಲುಗಾರರು ಬಿಡುವುದಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು.

ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, "ಮ್ಯಾಮ್, ಇದರಲ್ಲಿ ಒರಿಜಿನಲ್ ಯಾವುದು?" ಉಳಿದವರು ನಗುತ್ತಾರೆ. ಏನೋ ದಡ್ಡ ಪ್ರಶ್ನೆ ಅನ್ನೋ ಹಾಗೆ. ನನಗೆ ಮಾತ್ರ ಇಡೀ ಟೂರಿನ ಪಾಠ ಅದೊಂದೇ ಪ್ರಶ್ನೆಯಲ್ಲಿದೆ ಅನ್ನಿಸುತ್ತದೆ. ನಾವು ಹಳೇ ಗ್ರೀಸ್ ಅಂತ ನೋಡಿ ಬರುವುದರಲ್ಲಿ ಕಳೆದ ಇನ್ನೂರು ವರ್ಷದ ಕೆಲಸ ಬಹಳಷ್ಟಿದೆ. ಏನನ್ನು ಅಗೆಯಬೇಕು, ಏನನ್ನು ಕೆಡವಬೇಕು, ಯಾವ ಕಂಬವನ್ನು ಎತ್ತಿ ನಿಲ್ಲಿಸಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿದ್ದಾರೆ. ಮುಂದೆ ಅದೇ ತೀರ್ಮಾನ ಮಾಡುವ ಕೆಲಸಕ್ಕೆ ಹೋಗುವ ಮಕ್ಕಳು ಇವರು.

ಹೊರಡುವ ಮುಂಚಿನ ಕಥೆ ಹೇಳುತ್ತಾ ಕೂತರೆ ಅದೇ ಒಂದು ಪುರಾಣ. ಷೆಂಗೆನ್ ವೀಸಾಕ್ಕೆ ಅಪ್ಪ ಅಮ್ಮನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಕನಿಷ್ಠ 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಬೇಕು. ಒಬ್ಬನ ಫೋಟೋ ಸೈಜ್ ತಪ್ಪು, ಇನ್ನೊಬ್ಬಳ ಇನಿಷಿಯಲ್ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಮೇಲೆ ಪೋಷಕರ ವಾಟ್ಸ್‌ಆ್ಯಪ್ ಗ್ರೂಪು. ಅದರ ಬಗ್ಗೆ ಮಾತು ಬೇಡ. ಮಾರ್ಚ್ ಯಾಕೆ ಅಂದರೆ ಬಿಸಿಲು. 2023ರ ಜುಲೈನಲ್ಲಿ ಝಳ ತಡೆಯಲಾರದೆ ಅಥೆನ್ಸಿನ ಗುಡ್ಡದ ಮೇಲಿನ ಹಳೇ ಕೋಟೆ ಅಕ್ರೊಪೊಲಿಸನ್ನೇ ಮಧ್ಯಾಹ್ನದ ಹೊತ್ತು ಮುಚ್ಚಿದ್ದರು. ಮಾರ್ಚ್ 25 ಮಾತ್ರ ಬಿಟ್ಟುಬಿಡಬೇಕು. ಅವತ್ತು ಅವರ ರಾಷ್ಟ್ರೀಯ ಹಬ್ಬ, ಸೈಟುಗಳಿಗೆಲ್ಲ ಬೀಗ.

ಅಕ್ರೊಪೊಲಿಸಿಗೆ ಈಗ ಟೈಮ್ ಸ್ಲಾಟ್ ಹಿಡಿದು ಟಿಕೆಟ್ ತೆಗೆಯಬೇಕು. ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ. ನಾವು ಬಾಗಿಲು ತೆರೆಯುವ ಎಂಟು ಗಂಟೆಗೇ ಸಾಲು ನಿಲ್ಲುತ್ತೇವೆ. ಗ್ರೀಸಿನಲ್ಲಿ ಗೈಡ್ ಅನ್ನುವುದು ಲೈಸೆನ್ಸ್ ಇರುವ ವೃತ್ತಿ, ಸುಮ್ನೆ ಯಾರೋ ಗುಂಪು ನಿಲ್ಲಿಸಿಕೊಂಡು ಭಾಷಣ ಬಿಗಿಯುವ ಹಾಗಿಲ್ಲ. ಅಲ್ಲಿನ ಗೈಡ್ ಒಬ್ಬರು ಜೊತೆಗಿರುತ್ತಾರೆ, ನಾನು ಕಾಲೇಜಿನ ಪತ್ರ ಕೈಚೀಲದಲ್ಲಿಟ್ಟುಕೊಂಡು ನಡುನಡುವೆ ಬಾಯಿ ಹಾಕುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಕೇಳಿಸುವುದು ಕಾವಲುಗಾರರ ವಿಷಲ್. ಕಲ್ಲು ಮುಟ್ಟಿದರೆ ವಿಷಲ್, ಹಗ್ಗ ದಾಟಿದರೆ ವಿಷಲ್, ರೀಲ್ಸಿಗೆ ಕುಣಿದರೆ ದೊಡ್ಡ ವಿಷಲ್.

ಗುಡ್ಡದ ಮೇಲಿನ ಅಥೀನಾ ದೇವಿಯ ಗುಡಿ ಪಾರ್ಥೆನಾನ್ ಕಟ್ಟಲು ಶುರು ಮಾಡಿದ್ದು ಕ್ರಿ.ಪೂ. 447ರಲ್ಲಿ. ಇಕ್ಟಿನಸ್, ಕಲ್ಲಿಕ್ರಟೀಸ್ ವಾಸ್ತುಶಿಲ್ಪಿಗಳು. ಶಿಲ್ಪದ ಉಸ್ತುವಾರಿ ಫೀಡಿಯಸ್‌ನದು. ಅಗಲಕ್ಕೆ ಎಂಟು ಕಂಬ, ಉದ್ದಕ್ಕೆ ಹದಿನೇಳು. ಮಕ್ಕಳಿಗೆ ಇದೆಲ್ಲ ಪರೀಕ್ಷೆಗೆ ಓದಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಕಣ್ಣಿಗೆ ಮೊದಲು ಬೀಳುತ್ತದೆ. ಜೇನುಬಣ್ಣದ ಹಳೇ ಕಲ್ಲಿನ ಮಧ್ಯೆ ಅಲ್ಲಲ್ಲಿ ಬೆಳ್ಳಗಿನ ತುಂಡುಗಳು. ಇಲ್ಲೇ ಆ ಪ್ರಶ್ನೆ ಬರುವುದು.

ಆ ಬಿಳಿ ತುಂಡುಗಳು ಹೊಸವು. ಕಲ್ಲು ಮಾತ್ರ ಹಳೆಯದಕ್ಕೆ ತಂದ ಅದೇ ಪೆಂಟೆಲಿ ಬೆಟ್ಟದ್ದು. ಇದರ ಹಿಂದೆ ಒಂದು ರಿಪೇರಿಯ ಕಥೆ ಇದೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಬಲಾನೋಸ್ ಅನ್ನುವ ಎಂಜಿನಿಯರ್ ಬಿದ್ದಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದ. ಕಲ್ಲಿಗೆ ಕಲ್ಲು ಹಿಡಿಸಲು ಕಬ್ಬಿಣದ ಪಟ್ಟಿ ಹಾಕಿದ. ಹಳೇ ಗ್ರೀಕರೂ ಕಬ್ಬಿಣವನ್ನೇ ಹಾಕಿದ್ದರು, ಆದರೆ ಸುತ್ತ ಸೀಸ ಕರಗಿಸಿ ಸುರಿದಿದ್ದರು. ಗಾಳಿ ನೀರು ಒಳಗೆ ಹೋಗುತ್ತಿರಲಿಲ್ಲ. ಬಲಾನೋಸ್ ಆ ಸೀಸ ಬಿಟ್ಟ. ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಅಮೃತಶಿಲೆ ಒಳಗಿಂದಲೇ ಸೀಳಿತು. ಎರಡು ಸಾವಿರ ವರ್ಷ ತಾಳಿಕೊಂಡ ಕಲ್ಲು ಕೆಲವೇ ದಶಕದಲ್ಲಿ ಬಿರುಕು ಬಿಟ್ಟಿತು. 1975ರಲ್ಲಿ ಇದಕ್ಕೆಂದೇ ಒಂದು ಸಮಿತಿ ಆಯಿತು. ಹಳೇ ಕಬ್ಬಿಣ ಕಿತ್ತು ಟೈಟೇನಿಯಂ ಹಾಕುತ್ತಿದ್ದಾರೆ. ಬಲಾನೋಸ್ ಜಾಗ ತಪ್ಪಿಸಿ ಕೂರಿಸಿದ್ದ ಕಲ್ಲುಗಳನ್ನು ಹುಡುಕಿ ಅವುಗಳ ಜಾಗಕ್ಕೇ ತರುತ್ತಿದ್ದಾರೆ. ನನ್ನ ಮಕ್ಕಳು ಆ ಕ್ರೇನಿನ ಫೋಟೋ ತೆಗೆಯದೆ ಪಕ್ಕಕ್ಕೆ ಸರಿದರೆ ನನಗೆ ಸಿಟ್ಟು ಬರುತ್ತದೆ. ಕ್ರೇನೇ ಪಾಠ ಕಣ್ರೋ ಅನ್ನುತ್ತೇನೆ.

ಒಂದು ಕಲ್ಲು ಇನ್ನೊಂದರ ಜಾಗದಲ್ಲಿ ಯಾಕೆ ಕೂರುವುದಿಲ್ಲ ಅನ್ನುವುದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಹಗ್ಗದ ಈಚೆಯೇ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ, ಮೆಟ್ಟಿಲಿನ ಅಂಚಿನ ನೇರಕ್ಕೆ ಒಂದು ಕಣ್ಣು ಮುಚ್ಚಿ ನೋಡಿ ಅನ್ನುತ್ತೇನೆ. ನೆಟ್ಟಗಿದೆ ಅಂದುಕೊಂಡಿದ್ದ ಮೆಟ್ಟಿಲು ನಡುವೆ ಉಬ್ಬಿರುತ್ತದೆ. ಉದ್ದದ ಬದಿಯಲ್ಲಿ ಆ ಉಬ್ಬು ಸುಮಾರು 11 ಸೆಂಟಿಮೀಟರ್. ಆಚೆ ತುದಿಯಲ್ಲಿ ನಿಂತ ಗೆಳೆಯನ ಶೂ ಕಾಣಿಸುವುದಿಲ್ಲ. ಮೆಟ್ಟಿಲೇ ಬಾಗಿದೆ ಅಂದ ಮೇಲೆ ಕಂಬವೂ ಒಂಚೂರು ಒಳಕ್ಕೆ ವಾಲಬೇಕು, ಮೇಲಿನ ತೊಲೆಯೂ ಬಾಗಬೇಕು. ಹಾಗಾಗಿ ಒಂದೊಂದು ಕಲ್ಲಿನ ಅಳತೆಯೂ ಒಂದೊಂದು. "ಅಯ್ಯೋ, ಇದನ್ನ ಕ್ಯಾಡ್ ಸಾಫ್ಟ್‌ವೇರ್ ಇಲ್ಲದೆ ಹೆಂಗೆ ಮಾಡಿದ್ರು?" ಅಂತ ಯಾರಾದರೂ ಉದ್ಗಾರ ತೆಗೆದರೆ ಅವತ್ತಿನ ಟಿಕೆಟ್ ದುಡ್ಡು ವಸೂಲಾದ ಹಾಗೆ.

ಪಕ್ಕದಲ್ಲೇ ಎರೆಕ್ಥಿಯಾನ್ ಇದೆ. ಕಂಬದ ಬದಲು ಹೆಣ್ಣುಮೂರ್ತಿಗಳು ಚಾವಣಿ ಹೊತ್ತು ನಿಂತಿರುವ ಗುಡಿ. ಎಲ್ಲರೂ ಆ ಮೂರ್ತಿಗಳ ಫೋಟೋ ತೆಗೆಯುತ್ತಾರೆ. ಅವು ಆರಕ್ಕೆ ಆರೂ ನಕಲು. ಐದು ಅಸಲಿ ಮೂರ್ತಿಗಳು ಕೆಳಗೆ ಮ್ಯೂಸಿಯಂನಲ್ಲಿವೆ, ಆರನೆಯದು ಲಂಡನ್ನಿನಲ್ಲಿ. ನಾನು ಅಲ್ಲಿ ನಿಂತು ಹೇಳುವುದು ಬೇರೆ ವಿಷಯ. ಈ ಗುಡಿ ಕಟ್ಟಿದ ಕೂಲಿ ಲೆಕ್ಕ ಕಲ್ಲಿನ ಮೇಲೆ ಕೆತ್ತಿದ್ದು ಸಿಕ್ಕಿದೆ. ಕ್ರಿ.ಪೂ. 409ರಿಂದ 407ರ ನಡುವಿನದು. ಯಾರು ಯಾವ ವರ್ಗದವರು ಅಂತ ತಿಳಿಯುವ 86 ಕೆಲಸಗಾರರಲ್ಲಿ 24 ಮಂದಿ ನಾಗರಿಕರು, 42 ಮಂದಿ ಹೊರಗಿಂದ ಬಂದು ನೆಲೆಸಿದವರು, 20 ಮಂದಿ ಗುಲಾಮರು. ದಿನಗೂಲಿ ಮೂರೂ ವರ್ಗಕ್ಕೆ ಒಂದೇ, ಒಂದು ದ್ರಾಕ್ಮಾ. ಕಂಬದ ಮೇಲಿನ ಉದ್ದುದ್ದ ಗೀರುಗಳನ್ನು ಒಡೆಯನೂ ಅವನ ಗುಲಾಮನೂ ಅಕ್ಕಪಕ್ಕ ಕೂತು ಕೊರೆದಿದ್ದಾರೆ. ಗುಲಾಮನ ಕೂಲಿ ಯಾರ ಜೇಬಿಗೆ ಹೋಯಿತು ಅಂತ ನೀವೇ ಊಹಿಸಿ ಅಂದು ಮುಂದಕ್ಕೆ ನಡೆಯುತ್ತೇನೆ.

ಗುಡ್ಡದ ಮೇಲೆ ಈಗ ಕಾಣುವುದಕ್ಕಿಂತ ಕಾಣದೇ ಇರುವುದು ಜಾಸ್ತಿ. ಪಾರ್ಥೆನಾನ್ ನೂರಾರು ವರ್ಷ ಚರ್ಚ್ ಆಗಿತ್ತು, ಆಮೇಲೆ ಮಸೀದಿ ಆಯಿತು. 1687ರಲ್ಲಿ ತುರ್ಕರು ಒಳಗೆ ಮದ್ದುಗುಂಡು ತುಂಬಿಟ್ಟಿದ್ದಾಗ ವೆನಿಸ್‌ನವರು ಹಾರಿಸಿದ ಗುಂಡು ಬಿದ್ದು ನಡುಭಾಗ ಸಿಡಿದುಹೋಯಿತು. ಆ ಹಾಳಿನೊಳಗೇ ಮತ್ತೊಂದು ಪುಟ್ಟ ಮಸೀದಿ ಎದ್ದಿತು. ಸುತ್ತ ಮನೆಗಳಿದ್ದವು. ಹೆಬ್ಬಾಗಿಲಿನ ಹತ್ತಿರ ಮಧ್ಯಯುಗದ ಒಂದು ಎತ್ತರದ ಗೋಪುರ ಇತ್ತು. ಗ್ರೀಸ್ ಸ್ವತಂತ್ರ ಆದ ಮೇಲೆ ಒಂದೊಂದನ್ನೇ ಕೆಡವಿ ಹಾಕಿದರು. ಗೋಪುರ ಹೋದದ್ದು 1870ರ ದಶಕದಲ್ಲಿ, ಅದಕ್ಕೆ ದುಡ್ಡು ಕೊಟ್ಟವನು ಟ್ರಾಯ್ ಅಗೆದ ಶ್ಲೀಮನ್. ಹೆಬ್ಬಾಗಿಲ ಪಕ್ಕದ ವಿಜಯದೇವತೆ ನೈಕಿಯ ಗುಡಿಯನ್ನು ತುರ್ಕರು ಬಿಚ್ಚಿ ಕೋಟೆಗೋಡೆಗೆ ಬಳಸಿದ್ದರು. 1830ರ ದಶಕದಲ್ಲಿ ಆ ಕಲ್ಲುಗಳನ್ನು ಹುಡುಕಿ ಗುಡಿ ನಿಲ್ಲಿಸಿದರು. ಆಮೇಲೆ ಅದನ್ನು ಇನ್ನೂ ಎರಡು ಸಲ ಬಿಚ್ಚಿ ಕಟ್ಟಿದ್ದಾರೆ. ಅಂದರೆ ನಮ್ಮ ಮುಂದಿರುವುದು ಪಾರ್ಥೆನಾನ್ ಕಟ್ಟಿಸಿದ ಪೆರಿಕ್ಲೀಸನ ಕಾಲಕ್ಕೆ ಹಿಂತಿರುಗಿಸಲು ಹತ್ತೊಂಬತ್ತನೇ ಶತಮಾನ ಆರಿಸಿಕೊಂಡ ಗುಡ್ಡ. ನನಗೆ ಆ ಪುಟ್ಟ ಮಸೀದಿಯಾದರೂ ಉಳಿದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಮಕ್ಕಳಲ್ಲಿ ಅರ್ಧಕ್ಕರ್ಧ ಒಪ್ಪುವುದಿಲ್ಲ. ಒಪ್ಪಬೇಕು ಅಂತಲೂ ಇಲ್ಲ.

2009ರಲ್ಲಿ ತೆರೆದ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಮೇಲಿನ ಮಹಡಿಗೆ ಹೋಗಿ. ಪಾರ್ಥೆನಾನಿನ ಸುತ್ತ ಇದ್ದ 160 ಮೀಟರ್ ಉದ್ದದ ಶಿಲ್ಪಪಟ್ಟಿಯನ್ನು ಅದೇ ಕ್ರಮದಲ್ಲಿ ಜೋಡಿಸಿದ್ದಾರೆ. ಅಸಲಿ ಸುಮಾರು 50 ಮೀಟರ್. ಬ್ರಿಟಿಷ್ ರಾಯಭಾರಿ ಎಲ್ಗಿನ್ ಕಿತ್ತು ಒಯ್ದು 1816ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಮಾರಿದ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಭಾಗಕ್ಕೆ ಬಿಳಿ ಪ್ಲಾಸ್ಟರಿನ ಅಚ್ಚು ಕೂರಿಸಿದ್ದಾರೆ. ಕುದುರೆಯ ತಲೆ ಕಂದುಬಣ್ಣದ ಕಲ್ಲು, ಹಿಂಗಾಲು ಬೆಳ್ಳಗಿನ ಪ್ಲಾಸ್ಟರ್. ಭಾಷಣ ಇಲ್ಲದೆ ವಾದ ಮುಗಿಸಿಬಿಟ್ಟಿದ್ದಾರೆ.

ಕೆಳಗಿನ ಅಗೊರಾದಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಅಟ್ಟಾಲಸನ ಸ್ಟೋವಾ ಇದೆ. ಎರಡಂತಸ್ತಿನ ಉದ್ದನೆ ಕಂಬಸಾಲು, ನೆರಳು, ತಂಪು. ಮಕ್ಕಳು ಮೊದಲ ಸಲ "ವಾವ್, ಇದು ಪೂರ್ತಿ ಉಳಿದಿದೆ!" ಅನ್ನುತ್ತಾರೆ. ಅದು 1952ರಿಂದ 1956ರ ನಡುವೆ ಅಮೆರಿಕನ್ನರು ರಾಕ್‌ಫೆಲರ್ ದುಡ್ಡಿನಲ್ಲಿ ಕಟ್ಟಿದ ಕಟ್ಟಡ. ತಳಪಾಯ, ಕೆಲವು ತುಂಡುಗಳು ಮಾತ್ರ ಕ್ರಿ.ಪೂ. ಎರಡನೇ ಶತಮಾನದವು. ಅಗೊರಾ ಅಗೆಯಲು ಅಲ್ಲಿದ್ದ ಒಂದು ಇಡೀ ಬಡಾವಣೆಯನ್ನೇ ಖಾಲಿ ಮಾಡಿಸಿದ್ದರು. ಆದರೂ ಮಕ್ಕಳಿಗೆ ಗ್ರೀಕ್ ಕಟ್ಟಡದ ಒಳಗೆ ನಿಂತರೆ ಹೇಗಿರುತ್ತಿತ್ತು ಅಂತ ಗೊತ್ತಾಗುವುದು ಇಲ್ಲಿ ಮಾತ್ರ. ಕಂಬಗಳ ಮಧ್ಯೆ ಬೀಳುವ ನೆರಳು, ಮಾತಿನ ಗುಂಯ್ ಸದ್ದು, ಎಲ್ಲ.

ಮ್ಯೂಸಿಯಂಗಳಲ್ಲಿ ಮಡಕೆ ಚೂರುಗಳ ಮೇಲೆ ಗೀಚಿದ ಹೆಸರುಗಳಿವೆ. ಅಥೆನ್ಸಿನವರು ಬೇಡವಾದ ನಾಯಕನನ್ನು ಹತ್ತು ವರ್ಷ ಊರಾಚೆ ಹಾಕಲು ಹೀಗೆ ವೋಟು ಹಾಕುತ್ತಿದ್ದರು. ಅಕ್ರೊಪೊಲಿಸಿನ ತಪ್ಪಲಿನ ಒಂದು ಬಾವಿಯಲ್ಲಿ ಥೆಮಿಸ್ಟೊಕ್ಲಿಸ್‌ನ ಹೆಸರಿರುವ 190ರಷ್ಟು ಚೂರು ಸಿಕ್ಕಿದವು. ಅಕ್ಷರ ನೋಡಿದರೆ ಬರೆದವರು ಹದಿನಾಲ್ಕೇ ಜನ! ಮೊದಲೇ ಬರೆದಿಟ್ಟು ಹಂಚಲು ತಯಾರು ಮಾಡಿದ್ದು. ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಕ್ರೊಪೊಲಿಸಿನ ತೆಂಕಣ ಇಳಿಜಾರಿನಲ್ಲಿ ಡಯೊನೈಸಸ್ ದೇವರ ರಂಗಮಂದಿರ ಇದೆ. ಗುಂಪುಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ನಿಲ್ಲಿಸುತ್ತೇನೆ, ಕನ್ನಡದವಳಾಗಿ. ಬಿ.ಎಂ.ಶ್ರೀ. 'ಪಾರಸಿಕರು' ಅಂತ ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕ ಕ್ರಿ.ಪೂ. 472ರಲ್ಲಿ ಈ ದೇವರ ಉತ್ಸವದಲ್ಲೇ ಆಡಿದ್ದು. ಪರ್ಷಿಯನ್ನರ ಮೇಲೆ ಸಲಾಮಿಸ್ ಕದನ ಗೆದ್ದು ಎಂಟೇ ವರ್ಷ. ಪರ್ಷಿಯನ್ನರು ಸುಟ್ಟ ಅಕ್ರೊಪೊಲಿಸಿನ ಗುಡಿಗಳು ಇನ್ನೂ ಹಾಗೇ ಇವೆ. ಅಂಥ ಜನ ಸೋತ ಶತ್ರುವಿನ ತಾಯಿಯ ಅಳು ನೋಡಲು ಕೂತರು. ಈಗ ಕಾಣುವ ಕಲ್ಲಿನ ಪೀಠಗಳು ಆಮೇಲಿನವು, ವೇದಿಕೆಯ ಮುಂದಿನ ಶಿಲ್ಪ ರೋಮನ್ನರ ಕಾಲದ್ದು. ಈಸ್ಕಿಲಸನ ಕಾಲದ ಜನ ಕೂತದ್ದು ಬಹುಶಃ ಮರದ ಹಲಗೆಗಳ ಮೇಲೆ. ಹಾಗಾದರೆ ಇಲ್ಲಿ ಒರಿಜಿನಲ್ ಅಂತ ಉಳಿದಿರೋದು ಏನು ಅಂತ ಒಬ್ಬ ಕೇಳಿದ. ಇಳಿಜಾರು ಕಣಪ್ಪಾ ಅಂದೆ. ಮತ್ತೆ ಆ ನಾಟಕ.

ದಕ್ಷಿಣದ ಪೆಲೊಪೊನೀಸ್ ಪರ್ಯಾಯದ್ವೀಪಕ್ಕೆ ಹೋದ ಮೇಲೆ ಮೈಸೀನಿಯಲ್ಲಿ ಸಿಂಹದ ಬಾಗಿಲು, ಅದರಾಚೆ ಜೇನುಗೂಡಿನ ಆಕಾರದ ಗೋರಿ. ಆ ಗೋರಿಯ ಬಾಗಿಲ ಮೇಲಿನ ಒಂದೇ ಕಲ್ಲು ಸುಮಾರು 120 ಟನ್. ಶ್ಲೀಮನ್ 1876ರಲ್ಲಿ ಇಲ್ಲಿ ಚಿನ್ನದ ಮುಖವಾಡ ತೆಗೆದು ಟ್ರಾಯ್ ಯುದ್ಧದ ಕಥೆಯ ರಾಜ ಅಗಮೆಮ್ನನ್‌ನದು ಅಂದ. ಅದು ಟ್ರಾಯ್ ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಮುನ್ನೂರು ವರ್ಷವಾದರೂ ಹಳೆಯದು. ಹೆಸರು ಮಾತ್ರ ಹೋಗಲಿಲ್ಲ.

ಎಪಿಡಾರಸ್ ರಂಗಮಂದಿರದಲ್ಲಿ ನಾಣ್ಯ ಬೀಳಿಸುವ ಆಟ ಆಡದೆ ಯಾರೂ ಬರುವುದಿಲ್ಲ. ನಡುವೆ ನಿಂತು ನಾಣ್ಯ ಬಿಟ್ಟರೆ 55ನೇ ಸಾಲಿಗೂ ಕೇಳಿಸುತ್ತೆ ಅನ್ನುವ ಮಾತಿದೆ. ನನ್ನ ಮಕ್ಕಳಿಗೆ ಅಕೌಸ್ಟಿಕ್ಸ್ ಒಂದು ಸಬ್ಜೆಕ್ಟು, ಹಾಗಾಗಿ ನಂಬುವ ಮೊದಲು ಪರೀಕ್ಷೆ. ಒಬ್ಬಳು ಕೆಳಗೆ ನಿಂತು ಮೆಲ್ಲಗೆ ಮಾತಾಡಿದಳು. ಸಾಲಿಗೊಬ್ಬರಂತೆ ಕೂತವರು ಕೇಳಿಸಿದ್ದನ್ನು ಬರೆದುಕೊಂಡರು. ಅರ್ಧಕ್ಕಿಂತ ಮೇಲೆ ಕೂತವರ ಪುಸ್ತಕದಲ್ಲಿ ಚಿತ್ರವಿಚಿತ್ರ ವಾಕ್ಯಗಳು. 2017ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಯಂತ್ರ ಇಟ್ಟು ಅಳೆದಾಗಲೂ ಹೆಚ್ಚುಕಡಿಮೆ ಇದೇ ಕಂಡಿತ್ತು. ಸದ್ದು ಆಯಿತು ಅಂತ ಗೊತ್ತಾಗುವುದು ಬೇರೆ, ಏನು ಸದ್ದು ಅಂತ ಗೊತ್ತಾಗುವುದು ಬೇರೆ. ಆದರೆ ನಟನೊಬ್ಬ ಗಂಟಲು ಬಿಟ್ಟು ಮಾತಾಡಿದರೆ ಮೈಕ್ ಬೇಡ, ಅದು ನಿಜ.

ನನಗೆ ಇಡೀ ಪ್ರವಾಸದಲ್ಲಿ ಡೆಲ್ಫಿ ಒಂದು ಸಾಕು. ಪರ್ನಾಸಸ್ ಬೆಟ್ಟದ ಮಗ್ಗುಲಲ್ಲಿ, ಕೆಳಗೆ ಆಲಿವ್ ತೋಟ ಸಮುದ್ರದವರೆಗೂ. ಮಾರ್ಚಿನಲ್ಲಿ ಮೇಲೆ ಹಿಮ ಇರುತ್ತದೆ. ಅಪೊಲೊ ಗುಡಿಯಲ್ಲಿ ಪೂಜಾರಿಣಿ ಕಣಿ ಹೇಳುತ್ತಿದ್ದ ಜಾಗ. ನೂರೈವತ್ತು ವರ್ಷದ ಹಿಂದೆ ಬಂದಿದ್ದರೆ ಗುಡಿ ಕಾಣುತ್ತಿರಲಿಲ್ಲ, ಅದರ ಮೇಲೆ ಕಾಸ್ತ್ರಿ ಅನ್ನುವ ಹಳ್ಳಿ ಇತ್ತು. 1892ರಲ್ಲಿ ಫ್ರೆಂಚರು ಅಗೆಯಲು ಶುರು ಮಾಡುವ ಮುಂಚೆ ಇಡೀ ಹಳ್ಳಿಯನ್ನು ಎತ್ತಿ ಸ್ವಲ್ಪ ಆಚೆ ಕೂರಿಸಿದರು. ನಾವು ರಾತ್ರಿ ಉಳಿಯುವ ಡೆಲ್ಫಿ ಊರು ಅದೇ. ಇದನ್ನು ಹೇಳಿದಾಗ ಹೊಸಪೇಟೆ ಕಡೆಯ ಹುಡುಗ ತಕ್ಷಣ, "ಮ್ಯಾಮ್, ಇದು ನಮ್ಮ ಹಂಪಿ ಬಜಾರೇ ಅಲ್ವಾ?" ಅಂದ. 2011ರಲ್ಲಿ ವಿರೂಪಾಕ್ಷ ಗುಡಿ ಮುಂದಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಜೆಸಿಬಿ ತಂದು ತೆಗೆಸಿದ್ದರು. ಅವನಿಗೆ ಅಲ್ಲಿದ್ದವರು ಗೊತ್ತು. ಕಾಸ್ತ್ರಿಯವರಿಗೆ ಬದಲಿ ಮನೆಯಾದರೂ ಹತ್ತಿರವೇ ಸಿಕ್ಕಿತಲ್ಲ ಅಂದ. ಸಂಜೆ ಆ ಮಾತು ಜಗಳದವರೆಗೂ ಹೋಯಿತು. ಹಳೇ ಕಲ್ಲು ಕಾಣಲಿ ಅಂತ ಬದುಕುತ್ತಿರುವವರನ್ನು ಎಬ್ಬಿಸುವುದು ಸರಿಯಾ? ಎಬ್ಬಿಸದಿದ್ದರೆ ಇವತ್ತು ನಾವು ನೋಡುತ್ತಿದ್ದದ್ದು ಏನು?

ಡೆಲ್ಫಿಯಲ್ಲೂ ನಕಲಿಗೆ ಬರವಿಲ್ಲ. ಪರ್ಷಿಯನ್ನರನ್ನು ಸೋಲಿಸಿದ ನೆನಪಿಗೆ ನಿಲ್ಲಿಸಿದ ಕಂಚಿನ ಹಾವಿನ ಕಂಬದ ಅಸಲಿ ಇಸ್ತಾಂಬುಲ್‌ನಲ್ಲಿದೆ, ಇಲ್ಲಿರುವುದು ಪ್ರತಿ. ಅಥೆನ್ಸಿನವರ ಪುಟ್ಟ ಭಂಡಾರವನ್ನು 1900ರ ನಂತರ ಮತ್ತೆ ಜೋಡಿಸಿದ್ದು. ಆದರೆ ಗುಡಿಯ ಕೆಳಗೆ ಒಂದು ಗೋಡೆ ಇದೆ. ಅದನ್ನು ಯಾರೂ ಬಿಚ್ಚಿಲ್ಲ, ಕಟ್ಟಿಲ್ಲ. ಕ್ರಿ.ಪೂ. ಆರನೇ ಶತಮಾನದ್ದು. ಗಾರೆ ಇಲ್ಲ. ಒಂದೊಂದು ಕಲ್ಲಿನ ಅಂಚೂ ಬಳುಕಿಕೊಂಡು ಪಕ್ಕದ ಕಲ್ಲಿಗೆ ಕೂತಿದೆ, ಎಷ್ಟೋ ಭೂಕಂಪ ಆದರೂ ಅಲ್ಲಾಡಿಲ್ಲ. ಗುಂಪುಗಳು ಅದರ ಪಕ್ಕದಲ್ಲೇ ಗುಡಿ ಕಡೆ ಹತ್ತಿ ಹೋಗುತ್ತವೆ. ಬೆಳಗಿನ ಓರೆ ಬಿಸಿಲಲ್ಲಿ ನಿಂತು ನೋಡಿದರೆ ಕಲ್ಲಿನ ತುಂಬ ಅಕ್ಷರ. ಬೆರಳ ಉಗುರಿನಷ್ಟು ಚಿಕ್ಕವು, ಸಾಲುಸಾಲು.

ಒಬ್ಬಳು ಹುಡುಗಿ ಮುಖ ಮುಂದಕ್ಕೆ ಚಾಚಿ ಒಂದೊಂದೇ ಅಕ್ಷರ ಗುರುತಿಸುತ್ತಾ ಹೋದಳು. ಫಿಸಿಕ್ಸ್ ಪುಸ್ತಕದ ಪೈ, ಲ್ಯಾಂಬ್ಡಾ, ಒಮೆಗಾ. "ಅ... ಪೊ... ಅಪೊಲೊ!" ಅಂತ ಕೂಗಿದಳು. ಹೌದು, ಅಪೊಲೊಗೆ. ಬಹುಪಾಲು ಗುಲಾಮರನ್ನು ಬಿಡುಗಡೆ ಮಾಡಿದ ಶಾಸನಗಳು. ಇಂಥ ಅಧಿಕಾರಿಯ ವರ್ಷ, ಇಂಥ ತಿಂಗಳು, ಇಂಥವನು ಇಂಥ ಹೆಸರಿನ ಹೆಂಗಸನ್ನು ಇಷ್ಟು ಬೆಳ್ಳಿಗೆ ದೇವರಿಗೆ ಮಾರಿದ್ದಾನೆ, ಇಂಥವರು ಸಾಕ್ಷಿ. ನಮ್ಮ ದಾನಶಾಸನ ಓದಿದವರಿಗೆ ಈ ಧಾಟಿ ಹೊಸದೇನಲ್ಲ. ಬೆಲೆ ಸಾಮಾನ್ಯವಾಗಿ ಕೆಲವು ನೂರು ದ್ರಾಕ್ಮಾ. ಗುಲಾಮಳಿಗೆ ತನ್ನನ್ನು ತಾನೇ ಕೊಳ್ಳುವ ಹಕ್ಕು ಕಾನೂನಿನಲ್ಲಿಲ್ಲ. ಅವಳು ಕೂಡಿಟ್ಟ ದುಡ್ಡು ದೇವರ ಹೆಸರಲ್ಲಿ ಒಡೆಯನಿಗೆ ಹೋಗುತ್ತದೆ.

"ದುಡ್ಡು ಅವಳದು, ಮಾರೋನು ಅವನು. ಮಧ್ಯೆ ದೇವರಿಗೇನು ಕೆಲಸ ಮ್ಯಾಮ್?"

"ನಾಳೆ ಯಾರಾದರೂ ಅವಳನ್ನ ಮತ್ತೆ ಹಿಡಿಯೋಕೆ ಬಂದ್ರೆ? ದೇವರ ಸೊತ್ತು, ಮುಟ್ಟೋ ಹಾಗಿಲ್ಲ. ಗೋಡೆ ಮೇಲೆ ಬರೆದಿದೆ, ಹೋಗಿ ನೋಡು ಅನ್ನಬಹುದು."

"ಹಾಗಾದ್ರೆ ಇದು ಅವಳ ಐಡಿ ಕಾರ್ಡ್."

ಆದರೆ ಬಹಳಷ್ಟು ಶಾಸನಗಳಲ್ಲಿ ಕೊನೆಗೊಂದು ಕೊಕ್ಕೆ ಇದೆ. ಬಿಡುಗಡೆ ಆದವಳು ಒಡೆಯ ಸಾಯುವವರೆಗೆ ಅವನ ಮನೆಯಲ್ಲೇ ಇದ್ದು ಹೇಳಿದ ಕೆಲಸ ಮಾಡಬೇಕು. ಅದನ್ನು ಕೇಳಿದ ಮೇಲೆ ಮಕ್ಕಳು ಗುಡಿಗೆ ಹತ್ತಲು ಅವಸರ ಮಾಡಲಿಲ್ಲ. ಎರೆಕ್ಥಿಯಾನಿನ ಆ 20 ಜನರ ಕೂಲಿ ಲೆಕ್ಕ ಯಾರೋ ನೆನಪು ಮಾಡಿದರು. ಅವತ್ತಿನ ಸ್ಕೆಚ್ ಬುಕ್ಕುಗಳಲ್ಲಿ ಗುಡಿಯ ಕಂಬಕ್ಕಿಂತ ಗೋಡೆಯ ಕಲ್ಲುಗಳೇ ಜಾಸ್ತಿ ಇದ್ದವು.

ಊಟದ ಬಗ್ಗೆ ಕೇಳುವವರಿಗೆ ಒಂದು ಮಾತು. ಮಾರ್ಚಿನಲ್ಲಿ ಅವರ ಈಸ್ಟರ್ ಮುಂಚಿನ ಉಪವಾಸದ ದಿನಗಳಿರುತ್ತವೆ. 'ನಿಸ್ತಿಸಿಮೋ' ಅಂದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಕೊಡುತ್ತಾರೆ. ದಪ್ಪ ಅವರೆಯಂಥ ಕಾಳಿನ ಟೊಮೆಟೊ ಪಲ್ಯ, ಅನ್ನ ತುಂಬಿ ಬೇಯಿಸಿದ ದೊಣ್ಣೆಮೆಣಸು. ಖುಷಿಯಾಗಿಬಿಡಬೇಡಿ. ಅವರ ಉಪವಾಸಕ್ಕೆ ಸಿಗಡಿ, ಆಕ್ಟೋಪಸ್ ಎರಡೂ ನಡೆಯುತ್ತವೆ. ಕೇಳಿಯೇ ತಿನ್ನಿ.

ಕೊನೆಗೆ ಒಲಿಂಪಿಯಾ. ಜೀಯಸ್ ದೇವರ ಗುಡಿಯ ಕಂಬಗಳು ಕ್ರಿ.ಶ. ಆರನೇ ಶತಮಾನದ ಭೂಕಂಪಗಳಲ್ಲಿ ಬಿದ್ದವು. ಅವುಗಳ ಬಿಲ್ಲೆಗಳು ಇನ್ನೂ ಬಿದ್ದ ಸಾಲಿನಲ್ಲೇ ಒರಗಿಕೊಂಡಿವೆ. ಹತ್ತಿರ ಹೋಗಿ ನೋಡಿದರೆ ಕಲ್ಲಿನೊಳಗೆ ಕಪ್ಪೆಚಿಪ್ಪುಗಳು. ಸ್ಥಳೀಯ ಒರಟು ಸುಣ್ಣಕಲ್ಲು ಅದು. ಹೊಸದರಲ್ಲಿ ಮೇಲೆ ಬಿಳಿ ಗಾರೆ ಬಳಿದು ಅಮೃತಶಿಲೆಯ ಹಾಗೆ ಕಾಣಿಸಿದ್ದರು. ಅಂದರೆ ಅಸಲಿಯೇ ಒಂದು ವೇಷ ಹಾಕಿತ್ತು. 2004ರಲ್ಲಿ ಒಂದೇ ಒಂದು ಕಂಬವನ್ನು ಎತ್ತಿ ನಿಲ್ಲಿಸಿದ್ದಾರೆ. ಆ ಒಂದು ಕಂಬದ ಕೆಳಗೆ ಮಕ್ಕಳನ್ನು ಎರಡು ಗುಂಪು ಮಾಡಿ ವಾದಕ್ಕೆ ಬಿಡುತ್ತೇನೆ. ಉಳಿದವನ್ನೂ ಎತ್ತಬೇಕು ಅನ್ನುವವರು ಒಂದು ಕಡೆ. ಬಿದ್ದದ್ದು ಬಿದ್ದ ಹಾಗೇ ಇರಲಿ ಅನ್ನುವವರು ಇನ್ನೊಂದು ಕಡೆ. ಈ ಸಲ ಒಬ್ಬಳು ಎತ್ತುವವರ ಗುಂಪಿನಲ್ಲಿ ಶುರು ಮಾಡಿ, ಗಾರೆ ಬಳಿಯಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಸಿಕ್ಕಿಕೊಂಡು, ಎದ್ದು ಆಚೆ ಗುಂಪಿಗೆ ಹೋಗಿ ಕೂತಳು. ಬಸ್ ಡ್ರೈವರ್ ಹಾರ್ನ್ ಹೊಡೆದ. ಅವನ ಡ್ಯೂಟಿ ಗಂಟೆ ಮೀರಿದರೆ ದಂಡ.

ಮುಂದಿನ ಬ್ಯಾಚಿನ ಪೋಷಕರ ಗ್ರೂಪು ಈಗಾಗಲೇ ಶುರುವಾಗಿದೆ. "ಮೇಡಂ, ಅಷ್ಟು ದೂರ ಹೋಗಿ ಸ್ಯಾಂಟೋರಿನಿ ತೋರಿಸಲ್ವಾ?" ಅಂತ ಒಬ್ಬರು ಕೇಳಿದ್ದಾರೆ, ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಅವರ ಮನಸ್ಸಿನಲ್ಲಿರುವುದು ನೀಲಿ ಗುಮ್ಮಟ, ಸೂರ್ಯಾಸ್ತ. ನನಗೂ ಅಲ್ಲಿಗೆ ಹೋಗಲು ಒಂದು ಕಾರಣ ಇದೆ ಅನ್ನುವುದೇ ಫಜೀತಿ. ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಅಕ್ರೋತಿರಿ ಪಟ್ಟಣ ಆ ದ್ವೀಪದಲ್ಲಿದೆ, ಎರಡು ಮೂರಂತಸ್ತಿನ ಮನೆಗಳ ಸಮೇತ. ಅಥೆನ್ಸಿನ ಬಂದರು ಪಿರೇಯಸ್ಸಿನಿಂದ ಹಡಗಿನಲ್ಲಿ ಹೋಗಿ ಬರಲು ಸಮಯ ಬೇಕು. ಅದಕ್ಕೆ ಡೆಲ್ಫಿಯ ಎರಡನೇ ರಾತ್ರಿ ಬಿಡಬೇಕಾಗುತ್ತದೆ. ಬಿಡುವುದಿಲ್ಲ ಅಂತ ಬರೆದು ಹಾಕಿದ್ದೇನೆ. ಆಮೇಲೆ ಒಬ್ಬ ತಂದೆ ಫೋನ್ ಮಾಡಿ, "ಒಂದು ಗೋಡೆ ನೋಡೋಕೆ ಎರಡು ದಿನ ಬೇಕಾ ಮೇಡಂ?" ಅಂದರು. ಬೇಕು ಸಾರ್ ಅಂದೆ.